ಸುದ್ದಿ ಯಾವ್ದು, ದುಡ್ಡು ಕೊಟ್ಟು ಹಾಕ್ಸಿದ್ದು ಯಾವ್ದು ಅಂತ ದೊಡ್ಡಕ್ಷರದಲ್ಲಿ ಹೇಳಿ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಲಿ 28 ವರ್ಷದಿಂದ ಪೇಪರ್ ಹಾಕ್ತಾ ಇದೀನಿ. ಮೊದ್ಲು ಸೈಕಲ್ ಮೇಲೆ ಮನೆ ಮನೆಗೆ ಹಾಕ್ತಿದ್ದೆ, ಈಗ ಏಜೆಂಟ್ ಆಗಿದೀನಿ, ಆರು ಜನ ಹುಡುಗ್ರು ಇದಾರೆ, ಸುಮಾರು 640 ಮನೆ ಐತೆ. ನಿಮ್ಮ ಪೇಪರೂ ಹಾಕ್ತೀನಿ, ಬೇರೆಯೋರ ಪೇಪರೂ ಹಾಕ್ತೀನಿ. ಬೆಳಗಿನ ಜಾವ ನಾಲ್ಕೂವರೆಗೆ ಬಂಡಲ್ ಇಳಿಯುತ್ತೆ, ಜಯದೇವ ಸರ್ಕಲ್ ಹತ್ರ ಕಟ್ಟೆ ಮೇಲೆ ಕೂತು ಬಿಡಿಸಿ ಎಣಿಸಿ ಪುರವಣಿ ಸೇರಿಸಿ ಲೈನ್ ಪ್ರಕಾರ ಜೋಡಿಸ್ತೀವಿ, ಹಂಗಾಗಿ ಊರಲ್ಲಿ ಎಲ್ಲಾ ಪೇಪರ್‌ಗಳ್ನೂ ಒಂದೇ ಹೊತ್ನಲ್ಲಿ ಪಕ್ಕ ಪಕ್ಕ ಇಟ್ಟು ನೋಡೋರು ಅಂದ್ರೆ ನಾವೇ. ಮನೇಲಿ ಓದೋರು ಒಂದು ಪೇಪರ್ ತರಿಸ್ತಾರೆ, ಜಾಸ್ತಿ ಅಂದ್ರೆ ಎರಡು. ಅವರಿಗೆ ಕಾಣದೇ ಇರೋದು ನಮಗೆ ಕಾಣುತ್ತೆ, ಅದಕ್ಕೇ ಈ ಪತ್ರ.

ಹಿಂದಿನ ಒಂದು ಎಲೆಕ್ಷನ್ ಟೈಮಲ್ಲಿ, ವೋಟಿಂಗ್‌ಗೆ ಇನ್ನೊಂದು ಹತ್ತು ದಿನ ಇತ್ತು, ಬೆಳಗ್ಗೆ ಬಂಡಲ್ ಬಿಡಿಸ್ತಾ ಇದ್ದಾಗ ನಮ್ಮ ಹುಡುಗ ಒಬ್ಬ ಅಣ್ಣಾ ಇಲ್ನೋಡಿ ಅಂತ ಒಂದು ಪುಟ ತೋರಿಸ್ದ. ಒಬ್ಬ ಕ್ಯಾಂಡಿಡೇಟ್ ಬಗ್ಗೆ ಅರ್ಧ ಪುಟ ಲೇಖನ, ಫೋಟೋ, ಅವರು ಬಂದ್ರೆ ನಮ್ಮ ಭಾಗ ಹೆಂಗೆ ಬದಲಾಗುತ್ತೆ ಅಂತ. ಇದ್ರಲ್ಲೇನಪ್ಪಾ ಅಂದೆ. ಅವ್ನು ಇನ್ನೊಂದು ಪೇಪರ್ ತೆಗೆದ, ಅದೇ ಲೇಖನ. ಮತ್ತೊಂದು ತೆಗೆದ, ಅದೇ. ಒಟ್ಟು ನಾಲ್ಕು ಪೇಪರ್‌ನಲ್ಲಿ ಅದೇ ಲೇಖನ, ಎರಡರಲ್ಲಿ ಬೇರೆ ಬೇರೆ ವರದಿಗಾರರ ಹೆಸ್ರು, ಒಂದರಲ್ಲಿ ಹೆಸರೇ ಇಲ್ಲ, ಒಂದರಲ್ಲಿ ಮಾತ್ರ ಕೆಳಗೆ ಮೂಲೇಲಿ ಇರುವೆ ಗಾತ್ರದ ಅಕ್ಷರದಲ್ಲಿ ಜಾಹೀರಾತು ಅಂತ. ಹೆಡ್ಡಿಂಗ್ ಅಷ್ಟೇ ಬೇರೆ ಬೇರೆ ಇಟ್ಟಿದ್ರು. ಒಳಗಿನ ಸಾಲು ಒಂದೂ ಬದಲಾಗಿರಲಿಲ್ಲ, ಅದೂ ಬಿಡಿ, ನಾಲ್ಕರಲ್ಲೂ ಆನಗೋಡು ಅನ್ನೋದನ್ನ ಅಣಗೋಡು ಅಂತ ತಪ್ಪು ಹಾಕಿದ್ರು. ದಾವಣಗೆರೆ ವರದಿಗಾರ ಯಾವನೂ ಆನಗೋಡು ಹೆಸ್ರನ್ನ ಹಂಗೆ ಬರಿಯಲ್ಲ ಸಾರ್, ಪಕ್ಕದ ಊರದು. ಎಲ್ಲೋ ದೂರದ ಒಂದು ಆಫೀಸಲ್ಲಿ ಕೂತು ಯಾರೋ ಬರೆದು ನಾಲ್ಕು ಕಡೆ ಕಳಿಸ್ಯಾರೆ, ನಾಲ್ಕು ಕಡೆನೂ ಓದ್ದೆ ಹಾಕ್ಯಾರೆ. ಆ ನಾಲ್ಕರಲ್ಲಿ ನಿಮ್ದು ಇತ್ತಾ ಇಲ್ವಾ ಅಂತ ನಾನಿಲ್ಲಿ ಬರಿಯಲ್ಲ, ನಿಮ್ಮ ಹಳೇ ಫೈಲ್ ನಿಮ್ಮ ಹತ್ರನೇ ಇರುತ್ತೆ. ಪಕ್ಷ ಯಾವುದು ಅಂತನೂ ಬರಿಯಲ್ಲ, ಯಾಕಂದ್ರೆ ಮುಂದಿನ ವಾರ ಎದುರು ಪಕ್ಷದೋರ್ದೂ ಅದೇ ಥರ ಬಂತು.

ಆವತ್ತು ನಾನು ಏನೂ ಮಾಡ್ಲಿಲ್ಲ. ಎಣಿಸಿ, ಜೋಡಿಸಿ, ಹುಡುಗ್ರ ಕೈಗೆ ಕೊಟ್ಟು ಕಳಿಸ್ದೆ.

ನಿಟ್ಟುವಳ್ಳಿ ಕಡೆ ಒಬ್ಬರು ಅಜ್ಜಿ ಇದಾರೆ. ಅವರ ಯಜಮಾನ್ರು ಕಾಟನ್ ಮಿಲ್‌ನಲ್ಲಿ ಕೆಲ್ಸ ಮಾಡ್ತಿದ್ರು, ಮಿಲ್ ಮುಚ್ಚಿದ ಮೇಲೆ ಬಹಳ ದಿನ ಇರ್ಲಿಲ್ಲ, ಹೋಗ್ಬಿಟ್ರು. ಅಜ್ಜಿ ಓದಿರೋದು ನಾಲ್ಕನೇ ಕ್ಲಾಸು ಆದ್ರೆ ಪೇಪರ್ ಮಾತ್ರ ಮೊದಲನೇ ಪುಟದಿಂದ ಕೊನೇ ಪುಟದ ತನಕ ಬೆರಳಿಟ್ಟು ಓದ್ತಾರೆ, ಟೆಂಡರ್ ಪ್ರಕಟಣೆ ಕೂಡ ಬಿಡಲ್ಲ. ತಿಂಗಳ ದುಡ್ಡು ಒಂದು ದಿನ ತಡ ಮಾಡಿಲ್ಲ, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡ್ತಾರೆ. ಆ ಲೇಖನದಲ್ಲಿ ಏನಿತ್ತಂದ್ರೆ, ಅವರ ಬೀದಿ ಕಡೆ ಮನೆಗಳಿಗೆಲ್ಲಾ ಹಕ್ಕುಪತ್ರ ರೆಡಿ ಆಗಿದೆ, ಕೊಡೋದಷ್ಟೇ ಬಾಕಿ ಅಂತ ಒಂದು ಸಾಲು. ಕೊಡಿಸ್ತೀವಿ ಅಂತ ಅಲ್ಲ ಸಾರ್, ರೆಡಿ ಆಗಿದೆ ಅಂತ. ಆಶ್ವಾಸನೆ ಆಗಿದ್ರೆ ಅಜ್ಜಿ ನಂಬ್ತಿರಲಿಲ್ಲ, ಆಶ್ವಾಸನೆ ಬೇಕಾದಷ್ಟು ನೋಡ್ಯಾರೆ, ಇದು ನಡೆದು ಹೋಗಿರೋ ವಿಷಯದ ಥರ, ಸುದ್ದಿ ಥರ ಬರೆದಿತ್ತು. ಅಜ್ಜಿ ಆ ಪುಟ ಕತ್ತರಿಸಿ, ಪ್ಲಾಸ್ಟಿಕ್ ಕವರ್‌ನಾಗೆ ಹಾಕಿ, ರೇಷನ್ ಕಾರ್ಡ್ ಜೊತೆ ಇಟ್ಕೊಂಡ್ರು. ಎಲೆಕ್ಷನ್ ಆಯ್ತು, ಮಳೆಗಾಲ ಕಳೀತು, ದೀಪಾವಳಿನೂ ಬಂತು, ಆಮೇಲೆ ಆ ಕವರ್ ಹಿಡ್ಕೊಂಡು ಆಟೋ ಮಾಡ್ಕೊಂಡು ಒಂದು ಆಫೀಸಿಗೆ ಹೋದ್ರು. ಮೂರು ಸಲ ಹೋದ್ರು. ಮೂರನೇ ಸಲ ಅಲ್ಲಿದ್ದೋರು ಒಬ್ಬರು ಆ ಪೇಪರ್ ಚೂರನ್ನ ಬೆಳಕಿಗೆ ಹಿಡಿದು, ಅಜ್ಜಿ ಇದು ಸುದ್ದಿ ಅಲ್ಲ, ಜಾಹೀರಾತು, ಇಲ್ನೋಡಿ ಸಣ್ಣದಾಗಿ ಬರೆದಿದಾರೆ ಅಂತ ತೋರಿಸಿದ್ರಂತೆ. ಅಜ್ಜಿಗೆ ಕನ್ನಡಕ ಹಾಕ್ಕೊಂಡ್ರೂ ಅದು ಕಾಣ್ಲಿಲ್ಲ.

ಆ ತಿಂಗಳು ದುಡ್ಡು ಇಸ್ಕೊಳ್ಳೋಕೆ ನಾನೇ ಹೋಗಿದ್ದೆ. ಅಜ್ಜಿ ಬೈಯಲಿಲ್ಲ. ಕವರ್ ತೆಗೆದು ತೋರಿಸಿ ಇಷ್ಟೇ ಕೇಳಿದ್ರು, ಪೇಪರ್‌ನಾಗೆ ಬಂದಿತ್ತಲ್ಲೋ ತಮ್ಮಾ, ನೀನೇ ತಂದು ಹಾಕಿದ್ದಲ್ಲೇನೋ. ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಬರೆದೋನು ಅವರಿಗೆ ಗೊತ್ತಿಲ್ಲ, ಹಾಕಿಸ್ದೋನು ಗೊತ್ತಿಲ್ಲ, ಸಂಪಾದಕರು ಅಂದ್ರೆ ಯಾರು ಅಂತನೂ ಅವರಿಗೆ ಗೊತ್ತಿಲ್ಲ, ಅವರಿಗೆ ಗೊತ್ತಿರೋ ಮುಖ ನಂದೊಂದೇ. ಅವತ್ತಿಂದ ಇದು ತಲೇಲಿ ಕೂತ್ಬಿಟ್ಟೈತೆ.

ನನ್ನ ಮಗಳು ಪತ್ರಿಕೋದ್ಯಮ ಓದ್ತಾ ಇದಾಳೆ, ಈ ಪತ್ರನೂ ಅವಳೇ ಟೈಪ್ ಮಾಡ್ಕೊಡ್ತಾ ಇರೋದು. ಅಜ್ಜಿ ವಿಷ್ಯ ಹೇಳಿದಾಗ ಅವಳು ಅಪ್ಪಾ ಇದಕ್ಕೆ ಕಾಸಿಗಾಗಿ ಸುದ್ದಿ ಅಂತ ಹೆಸ್ರೇ ಐತೆ ಅಂದ್ಲು. 2009ರಲ್ಲಿ ಮಹಾರಾಷ್ಟ್ರ ವಿಧಾನಸಭೆ ಎಲೆಕ್ಷನ್ ಟೈಮಲ್ಲಿ ಅಲ್ಲಿನ ಮರಾಠಿ ಪೇಪರ್‌ಗಳಲ್ಲಿ, ಒಬ್ಬರಿಗೊಬ್ಬರು ಪೈಪೋಟಿ ಇರೋ ಪೇಪರ್‌ಗಳಲ್ಲೇ, ಆಗಿನ ಮುಖ್ಯಮಂತ್ರಿನ ಹೊಗಳೋ ಲೇಖನ ಅಕ್ಷರ ಅಕ್ಷರ ಒಂದೇ ಥರ ಬಂದಿತ್ತಂತೆ, ಪಿ. ಸಾಯಿನಾಥ್ ಅನ್ನೋ ಪತ್ರಕರ್ತರು ಅದನ್ನ ಪಕ್ಕ ಪಕ್ಕ ಇಟ್ಟು ತೋರಿಸಿದ್ರಂತೆ. ನಮ್ಮ ಕಟ್ಟೆ ಮೇಲೆ ನಮ್ಮ ಹುಡುಗ ಮಾಡಿದ್ದೂ ಅದನ್ನೇ! ಆಮೇಲೆ ಪತ್ರಿಕೆಗಳ ಮೇಲೆ ಕಣ್ಣಿಡೋ ಪ್ರೆಸ್ ಕೌನ್ಸಿಲ್‌ನೋರು ಇಬ್ಬರ ಉಪಸಮಿತಿ ಮಾಡಿ ತನಿಖೆ ಮಾಡ್ಸಿದ್ರು, ಅವರು 71 ಪುಟದ ವರದಿ ಕೊಟ್ರು, ಪೇಪರ್‌ಗಳ ಹೆಸರು ಸಮೇತ. 2010ರಲ್ಲಿ ಕೌನ್ಸಿಲ್ ಹೊರಗೆ ಬಿಟ್ಟಿದ್ದು ಅದರ ಚುಟುಕು ರೂಪ ಮಾತ್ರ, ಪೂರ್ತಿ ವರದಿ ಹೊರಗೆ ಬರೋಕೆ 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರ್ಡರ್ ಮಾಡ್ಬೇಕಾಯ್ತು. ಪತ್ರಿಕೆಗಳ ತಪ್ಪಿನ ಬಗ್ಗೆ ಪತ್ರಿಕೆಗಳ ಸಂಸ್ಥೆನೇ ಬರ್ಸಿದ ವರದಿ, ಅದನ್ನ ಓದೋಕೆ ಜನ ಮಾಹಿತಿ ಹಕ್ಕಿಗೆ ಹೋಗ್ಬೇಕಾಯ್ತು ಅಂದ್ರೆ ಬೇಜಾರಾಗುತ್ತೆ ಸಾರ್.

ಶಿಕ್ಷೆ ಆಗೇ ಇಲ್ವಾ ಅಂತ ಕೇಳ್ದೆ. ಆಗೈತೆ, ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಒಬ್ಬರನ್ನ 2011ರಲ್ಲಿ ಎಲೆಕ್ಷನ್ ಕಮಿಷನ್ ಮೂರು ವರ್ಷ ಅನರ್ಹ ಮಾಡ್ತು, 2007ರ ಎಲೆಕ್ಷನ್‌ನಲ್ಲಿ ಪೇಪರ್‌ನಲ್ಲಿ ಸುದ್ದಿ ಥರ ಹಾಕಿಸಿದ್ದರ ಖರ್ಚು ಲೆಕ್ಕ ತೋರಿಸಿಲ್ಲ ಅಂತ. ಗಮನಿಸಿ, ಅಲ್ಲಿ ತಪ್ಪು ಅಂತ ಹಿಡಿದಿದ್ದು ಲೆಕ್ಕ ಮುಚ್ಚಿಟ್ಟಿದ್ದನ್ನ. ಹಾಕಿದ ಪೇಪರ್‌ಗಳಿಗೆ ಏನಾಗ್ಬಹುದಿತ್ತು ಅಂದ್ರೆ, 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಲಿ ಕೌನ್ಸಿಲ್‌ಗೆ ಇರೋದು ಎಚ್ಚರಿಕೆ ಕೊಡೋ, ಛೀಮಾರಿ ಹಾಕೋ ಅಧಿಕಾರ ಅಷ್ಟೇ, ದಂಡ ಹಾಕೋ ಅಧಿಕಾರನೂ ಇಲ್ಲ. ಕಾಸಿಗಾಗಿ ಸುದ್ದಿನ ಚುನಾವಣಾ ಅಪರಾಧ ಅಂತ ಮಾಡಿ ಅಂತ ಎಲೆಕ್ಷನ್ ಕಮಿಷನ್ ಕೇಳ್ಕೊಂಡೈತೆ, ಕಾನೂನು ಆಯೋಗನೂ 2015ರ ತನ್ನ 255ನೇ ವರದಿಲಿ ಅದನ್ನೇ ಹೇಳೈತೆ.

ಅದೇ ಒಂದು ಕರಪತ್ರ ನೋಡಿ. ಎಲೆಕ್ಷನ್ ಕರಪತ್ರ ಪೇಪರ್ ಒಳಗೆ ಇಟ್ಟು ಹಂಚೋದು ನಮ್ಮ ಕೆಲ್ಸನೇ, ಅದ್ರಲ್ಲಿ ನಮಗೂ ನಾಲ್ಕು ಕಾಸು ಸಿಗುತ್ತೆ. ಪ್ರಜಾಪ್ರಾತಿನಿಧ್ಯ ಕಾಯ್ದೆ 127ಎ ಪ್ರಕಾರ ಅದ್ರ ಮೇಲೆ ಪ್ರಿಂಟ್ ಮಾಡಿದೋರ ಹೆಸ್ರು, ವಿಳಾಸ, ಹಾಕಿಸ್ದೋರ ಹೆಸ್ರು, ವಿಳಾಸ ಇರ್ಲೇಬೇಕು, ಇಲ್ದಿದ್ರೆ ಆರು ತಿಂಗಳ ತನಕ ಜೈಲು ಇಲ್ಲಾ ಎರಡು ಸಾವಿರದ ತನಕ ದಂಡ, ಇಲ್ಲಾ ಎರಡೂ. ಹಂಗಾಗಿ ಊರಿನ ಸಣ್ಣ ಆಫ್‌ಸೆಟ್ ಪ್ರೆಸ್‌ನೋನು ಎರಡು ರೂಪಾಯಿ ಕಾಗದಕ್ಕೆ ಹೆದರಿಕೊಂಡು ಹೆಸ್ರು ಹಾಕ್ತಾನೆ. ಅಜ್ಜಿನೂ ಕರಪತ್ರ ನೋಡಿ ಇದು ಇಂಥಾ ಪಕ್ಷದೋರ್ದು ಅಂತ ಮಡಚಿ ಒಲೆ ಹತ್ರ ಇಡ್ತಾರೆ. ಅದೇ ಮಾತು ಅದೇ ಫೋಟೋ ಪೇಪರ್‌ನ ಒಳಪುಟಕ್ಕೆ ಬಂದ್ರೆ ಮಾತ್ರ ಕತ್ತರಿಸಿ ರೇಷನ್ ಕಾರ್ಡ್ ಜೊತೆ ಇಟ್ಕೋತಾರೆ. ಆ ನಂಬಿಕೆ ನಿಮ್ಮ ಪೇಪರ್ ಹೆಸರಿಗೆ ಇರೋದು, ದುಡ್ಡು ಕೊಟ್ಟೋರು ಕೊಂಡ್ಕೊಂಡಿದ್ದೂ ಅದನ್ನೇ, ಅರ್ಧ ಪುಟದ ಜಾಗ ಅಲ್ಲ.

ಪೇಪರ್ ಅಂದ್ರೆ ಯಾವ ಪಕ್ಷನೂ ಹಿಡೀಬಾರ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ತಿಳ್ಕೋಬೇಡಿ. ತಿಲಕರ ಕೇಸರಿ ಬ್ರಿಟಿಷರ ವಿರುದ್ಧನೇ ಇತ್ತು, ಅದ್ರಲ್ಲಿ ಬರೆದಿದ್ದಕ್ಕೆ 1908ರಲ್ಲಿ ಅವರಿಗೆ ಆರು ವರ್ಷ ಶಿಕ್ಷೆ ಆಗಿ ಬರ್ಮಾದ ಮಂಡಾಲೆ ಜೈಲಿಗೆ ಹೋದ್ರು. ಗಾಂಧೀಜಿ ತಮ್ಮ ಯಂಗ್ ಇಂಡಿಯಾ, ನವಜೀವನ ಪತ್ರಿಕೆಗಳಲ್ಲಿ ಜಾಹೀರಾತೇ ತಗೊಳ್ತಿರಲಿಲ್ಲ. ಅದೇ 1908ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲೂ ಪತ್ರಿಕೆಗಳ ಬಾಯಿ ಕಟ್ಟೋ ಕಾನೂನು ಬಂತು, ದಾವಣಗೆರೆನೂ ಆಗ ಸಂಸ್ಥಾನಕ್ಕೇ ಸೇರಿತ್ತು, ಜನ ತಾತಯ್ಯ ಅಂತ ಕರೀತಿದ್ದ ಎಂ. ವೆಂಕಟಕೃಷ್ಣಯ್ಯನೋರು ಅದಕ್ಕೆ ಎದುರು ನಿಂತ್ರು. ಈಗಲೂ ಕೇರಳದ ದೇಶಾಭಿಮಾನಿ ಸಿಪಿಎಂದು, ಮುಂಬೈನ ಸಾಮ್ನಾ ಉದ್ಧವ್ ಠಾಕ್ರೆಯೋರ ಶಿವಸೇನೆದು, ತಮಿಳ್ನಾಡಿನ ಮುರಸೊಲಿ ಡಿಎಂಕೆದು ಅಂತ ತಗೊಂಡು ಓದೋನಿಗೆ ಗೊತ್ತಿರುತ್ತೆ, ಗೊತ್ತಿದ್ದೇ ಓದ್ತಾನೆ. ನಮ್ಮೂರಲ್ಲಿ ಮಿಲ್ ಕಾರ್ಮಿಕರ ಯೂನಿಯನ್‌ಗಳು ಜೋರಾಗಿದ್ದ ಕಾಲದಲ್ಲಿ ಕೆಂಪು ಅಕ್ಷರದ ಕರಪತ್ರ ಗೇಟ್ ಹತ್ರ ಹಂಚ್ತಿದ್ರು ಅಂತ ನಮ್ಮಪ್ಪ ಹೇಳೋರು, ಯಾರದು ಅಂತ ಕೇಳೋ ಹಂಗೇ ಇರ್ಲಿಲ್ಲ. ಪಕ್ಷದ ಪೇಪರ್ ಪಕ್ಷದ್ದು ಅಂತ ಹೇಳ್ಕೊಂಡು ಬರ್ಲಿ, ನಾನೇ ಹಾಕ್ತೀನಿ.

ನಮ್ಮಪ್ಪನೂ ಪೇಪರ್ ಹಾಕ್ತಿದ್ದೋರೇ. 1975ರ ಜೂನ್ 25ರ ರಾತ್ರಿ ಎಮರ್ಜೆನ್ಸಿ ಬಂತಲ್ಲ, ಆಗ ದಿಲ್ಲಿಲಿ ಪೇಪರ್ ಆಫೀಸ್‌ಗಳಿರೋ ರಸ್ತೆಗೆ ಕರೆಂಟೇ ತೆಗೆದಿದ್ರು, ಆಮೇಲೆ ಸೆನ್ಸಾರ್ ಬಂತು, ಇಂಡಿಯನ್ ಎಕ್ಸ್‌ಪ್ರೆಸ್‌ನೋರು ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪ್ರಿಂಟ್ ಮಾಡಿದ್ರು. ಆ ಖಾಲಿ ಜಾಗ ನೋಡಿದ್ರೆ ಓದೋನಿಗೆ ಇಲ್ಲಿ ಏನೋ ತೆಗೆಸ್ಯಾರೆ ಅಂತ ತಿಳೀತಿತ್ತು ಅಂತ ಅಪ್ಪ ಸಾಯೋ ತನಕ ಹೇಳ್ತಿದ್ರು. ಈಗ ನಮ್ಮ ಕಟ್ಟೆ ಮೇಲೆ ಬಂದು ಬೀಳೋ ಪೇಪರ್‌ನಲ್ಲಿ ಖಾಲಿ ಜಾಗ ಎಲ್ಲೂ ಇಲ್ಲ, ಎಲ್ಲಾ ತುಂಬಿರುತ್ತೆ, ಅದಕ್ಕೇ ಗೊತ್ತಾಗಲ್ಲ.

ಜರ್ಮನಿದೂ ಮಗಳು ಹೇಳಿದ್ಲು, ಅದನ್ನ ಕೇಳಿ ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ನಾಜಿಗಳು 1920ರಲ್ಲೇ ಒಂದು ಪೇಪರ್ ಕೊಂಡ್ಕೊಂಡಿದ್ರು, ಆಗಿನ್ನೂ ಅವರದು ಸಣ್ಣ ಪಕ್ಷ. ಅಧಿಕಾರಕ್ಕೆ ಬಂದ 1933ರಲ್ಲೇ ಯಾರು ಪತ್ರಿಕೆಲಿ ಬರೀಬಹುದು ಅಂತ ಸರ್ಕಾರನೇ ತೀರ್ಮಾನ ಮಾಡೋ ಸಂಪಾದಕರ ಕಾನೂನು ಅಂತ ಮಾಡಿದ್ರು, ಜೊತೆಗೆ ಬರ್ಲಿನ್‌ನಲ್ಲಿ ದಿನಾ ಪ್ರೆಸ್ ಕಾನ್ಫರೆನ್ಸ್ ಕರೆದು ಏನು ಬರೀಬೇಕು ಏನು ಬರೀಬಾರ್ದು ಅಂತ ಪ್ರಚಾರ ಮಂತ್ರಿ ಗೋಬೆಲ್ಸ್ ಇಲಾಖೆಯಿಂದನೇ ಹೇಳಿ ಕಳಿಸ್ತಿದ್ರು, ಪೇಪರ್ ಹೆಸ್ರು ನೂರು, ಒಳಗಿನ ಮಾತು ಒಂದೇ. ಅದಕ್ಕೂ ಮೊದ್ಲು 1923ರಲ್ಲಿ ಯೂಲಿಯಸ್ ಸ್ಟ್ರೈಖರ್ ಅನ್ನೋನು ಒಂದು ವಾರಪತ್ರಿಕೆ ಶುರು ಮಾಡಿದ್ದ, ಯಹೂದಿಗಳನ್ನ ಬೈಯೋದೇ ಅದರ ಕೆಲ್ಸ, ದುಡ್ಡು ಕೊಟ್ಟು ಕೊಳ್ಳದೇ ಇರೋರೂ ಓದ್ಲಿ ಅಂತ ಬಸ್ ಸ್ಟಾಪ್‌ಗಳಲ್ಲಿ, ಬೀದಿ ಮೂಲೆಗಳಲ್ಲಿ ಗಾಜಿನ ಪೆಟ್ಟಿಗೆ ಮಾಡಿ ಅದರೊಳಗೆ ಅಂಟಿಸ್ತಿದ್ರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ಕೋರ್ಟು ಅವನನ್ನ 1946ರ ಅಕ್ಟೋಬರ್ 16ಕ್ಕೆ ಗಲ್ಲಿಗೆ ಹಾಕ್ತು, ಅವನ ಮೇಲೆ ಇದ್ದ ದೊಡ್ಡ ಆರೋಪ ಅವನು ಬರೆದಿದ್ದು, ಭಾಷಣ ಮಾಡಿದ್ದು. ರುವಾಂಡಾ ದೇಶದಲ್ಲೂ 1990ರಲ್ಲಿ ಟುಟ್ಸಿ ಜನಾಂಗದ ಮೇಲೆ ದ್ವೇಷ ಕಾರೋ ಕಂಗೂರಾ ಅಂತ ಒಂದು ಪತ್ರಿಕೆ ಬಂತು, 1994ರಲ್ಲಿ ನೂರೇ ದಿನದ ನರಮೇಧದಲ್ಲಿ ಲಕ್ಷಾಂತರ ಜನ ಸತ್ರು, ಅದರ ಸಂಪಾದಕನಿಗೂ ಅಂತರರಾಷ್ಟ್ರೀಯ ಕೋರ್ಟು ಶಿಕ್ಷೆ ಕೊಡ್ತು. ನಮ್ಮೂರಿನ ಅರ್ಧ ಪುಟದ ಲೇಖನನ ಅದಕ್ಕೆ ನಾನು ಹೋಲಿಸ್ತಿಲ್ಲ. ಆದ್ರೆ ಆ ಗಾಜಿನ ಪೆಟ್ಟಿಗೆ ವಿಷ್ಯ ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಕಟ್ಟೆ ಹತ್ರ ಬಂದು ಬಿದ್ದಿದ್ದ ಫ್ರೀ ಬಂಡಲ್.

ಅದನ್ನೂ ಹೇಳ್ಬಿಡ್ತೀನಿ. ಅದೇ ಎಲೆಕ್ಷನ್‌ನಲ್ಲಿ ಒಂದು ದಿನ ಬೆಳಗಿನ ಜಾವ ಓಮ್ನಿ ಗಾಡಿಲಿ ಇಬ್ಬರು ಬಂದು ಒಂದು ವಾರಪತ್ರಿಕೆ ಎರಡು ಸಾವಿರ ಕಾಪಿ ಇಳಿಸಿದ್ರು, ಮನೆ ಮನೆಗೂ ಪೇಪರ್ ಒಳಗೆ ಇಟ್ಟು ಹಾಕ್ಸಣ್ಣಾ ಅಂದ್ರು, ಕೈಗೆ ದುಡ್ಡೂ ಇಟ್ರು. ಬಣ್ಣದ ಮುಖಪುಟ, ಒಳಗೆ ಪೂರ್ತಿ ಎದುರು ಕ್ಯಾಂಡಿಡೇಟ್‌ನ ಮನೆ ಹೆಣ್ಮಕ್ಕಳ ವಿಷ್ಯ, ಜಾತಿ ವಿಷ್ಯ, ಬರೆಯೋಕೆ ನನಗೆ ಕೈ ಬರಲ್ಲ. ನಾನು ಕೊನೇ ಪುಟ ತಿರುಗಿಸಿ ನೋಡ್ದೆ. ಯಾವ ಪೇಪರ್ ಆದ್ರೂ ಕೊನೇ ಪುಟದ ಕೆಳಗೆ ಒಂದು ಗೆರೆ ಇರುತ್ತೆ, ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಪ್ರಿಂಟ್ ಆಯ್ತು ಅಂತ, 1867ರ ಕಾಯ್ದೆಯಿಂದ ಬಂದ ನಿಯಮ ಅದು, ಈಗ ಆ ಕಾಯ್ದೆ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದೈತೆ. ಇದ್ರಲ್ಲಿ ಆ ಗೆರೆನೇ ಇರ್ಲಿಲ್ಲ. ಹಿಂದಿನ ಸಂಚಿಕೆ ಯಾರೂ ನೋಡಿರಲಿಲ್ಲ, ಎಲೆಕ್ಷನ್ ಆದ್ಮೇಲೆ ಮುಂದಿನ ಸಂಚಿಕೆನೂ ಬರ್ಲಿಲ್ಲ. ನಾನು ದುಡ್ಡು ವಾಪಸ್ ಕೊಟ್ಟು ಹಾಕಲ್ಲ ಅಂದೆ. ಆದ್ರೆ ಬೆಳಿಗ್ಗೆ ಊರಲ್ಲಿ ನೋಡಿದ್ರೆ ಆಗ್ಲೇ ಟೀ ಅಂಗಡಿ, ಕಟಿಂಗ್ ಶಾಪ್, ಮಂಡಕ್ಕಿ ಅಂಗಡಿ ಎಲ್ಲಾ ಕಡೆ ಬಿದ್ದಿತ್ತು, ಗಿರ್ಮಿಟ್ ತಿನ್ನೋರು ಒಂದು ಕೈಲಿ ತಟ್ಟೆ ಹಿಡ್ಕೊಂಡು ಇನ್ನೊಂದು ಕೈಲಿ ಅದನ್ನ ಓದ್ತಾ ಇದ್ರು. ಆ ಮನೆ ಹೆಣ್ಮಗಳು ಒಬ್ಬರು ಅದಾದ ಮೇಲೆ ಎಷ್ಟೋ ದಿನ ಹೊರಗೆ ಬರ್ಲಿಲ್ಲ ಅಂತ ಆಮೇಲೆ ಕೇಳಿ ಹೊಟ್ಟೆಲಿ ಸಂಕಟ ಆಯ್ತು.

ಎಲೆಕ್ಷನ್ ಟೈಮಲ್ಲಿ ಡಿಸಿ ಆಫೀಸ್‌ನಲ್ಲಿ ಮಾಧ್ಯಮ ಪರಿಶೀಲನಾ ಸಮಿತಿ ಅಂತ ಇರುತ್ತೆ, ಎಂಸಿಎಂಸಿ ಅಂತಾರೆ. ದಿನಾ ಎಲ್ಲಾ ಪೇಪರ್ ನೋಡ್ತಾರೆ, ಇದು ಕಾಸಿಗಾಗಿ ಸುದ್ದಿ ಅಂತ ಅನುಮಾನ ಬಂದ್ರೆ 96 ಗಂಟೆ ಒಳಗೆ ಕ್ಯಾಂಡಿಡೇಟ್‌ಗೆ ನೋಟಿಸ್ ಹೋಗ್ಬೇಕು, ಅವರು 48 ಗಂಟೇಲಿ ಉತ್ತರ ಕೊಡ್ಬೇಕು, ಸಾಬೀತಾದ್ರೆ ಜಾಹೀರಾತು ರೇಟ್ ಪ್ರಕಾರ ಅವರ ಖರ್ಚಿಗೆ ಸೇರಿಸ್ತಾರೆ. ಅಸೆಂಬ್ಲಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಖರ್ಚಿನ ಮಿತಿ ಐತಲ್ಲ, ಅದಕ್ಕೆ. ಒಳ್ಳೇ ವ್ಯವಸ್ಥೆನೇ. ಆದ್ರೆ ಅದೆಲ್ಲಾ ಕ್ಯಾಂಡಿಡೇಟ್ ಮತ್ತೆ ಆಫೀಸರ್ ನಡುವೆ ಫೈಲಲ್ಲಿ ನಡೆಯೋ ವ್ಯವಹಾರ, ಅಜ್ಜಿಗೆ ಯಾರು ಹೇಳ್ತಾರೆ? ಮೊನ್ನೆ ನೀವು ಓದಿದ್ದು ಸುದ್ದಿ ಅಲ್ಲ ಅಂತ ಅದೇ ಪೇಪರ್‌ನ ಅದೇ ಪುಟದಲ್ಲಿ ಅಷ್ಟೇ ದೊಡ್ಡದಾಗಿ ಬಂದಿದ್ದನ್ನ 28 ವರ್ಷದಲ್ಲಿ ನಾನು ಒಂದು ಸಲನೂ ನೋಡಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಮನೆಯೋರು ಕೊಡೋ ದುಡ್ಡಲ್ಲಿ ಕಾಗದದ ಖರ್ಚೇ ಹುಟ್ಟಲ್ಲ, ಜಾಹೀರಾತು ಇಲ್ದೆ ಪೇಪರ್ ನಡೆಯಲ್ಲ, ಪೇಪರ್ ನಡೀದಿದ್ರೆ ನನ್ನ ಮನೇನೂ ನಡೆಯಲ್ಲ. ಎಲೆಕ್ಷನ್ ಜಾಹೀರಾತು ತಗೊಳ್ಳಿ, ಮುಖಪುಟ ಪೂರ್ತಿ ತಗೊಳ್ಳಿ, ಸಾರ್ವಜನಿಕರಿಗೆ ಅದ್ರಿಂದ ಏನೂ ಮೋಸ ಇಲ್ಲ. ನಾನು ಕೇಳೋದು ಇಷ್ಟೇ, ದುಡ್ಡು ತಗೊಂಡು ಹಾಕಿದ್ದರ ತಲೆ ಮೇಲೆ, ಕೆಳಗೆ ಮೂಲೇಲಿ ಅಲ್ಲ, ತಲೆ ಮೇಲೆ, ಜಾಹೀರಾತು ಅಂತ ಹೆಡ್ಡಿಂಗ್ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ, ದುಡ್ಡು ಕೊಟ್ಟಿದ್ದು ಯಾರು ಅಂತ ಹೆಸ್ರು ಹಾಕಿ, ಅದಕ್ಕೆ ನಿಮ್ಮ ವರದಿಗಾರರ ಹೆಸ್ರು ಹಾಕ್ಬೇಡಿ, ಅವರೂ ಊರಲ್ಲಿ ತಲೆ ಎತ್ತಿ ಓಡಾಡ್ಬೇಕಲ್ಲ. ಸುದ್ದಿ ಬೇರೆ ಜಾಹೀರಾತು ಬೇರೆ ಅಂತ ಎದ್ದು ಕಾಣ್ಬೇಕು ಅನ್ನೋದು ಪ್ರೆಸ್ ಕೌನ್ಸಿಲ್ ನಿಯಮದಲ್ಲೇ ಐತೆ, ನಾನು ಹೊಸದಾಗಿ ಕೇಳ್ತಿರೋದಲ್ಲ. ಸಮಿತಿಯೋರು ಯಾವುದಾದ್ರೂ ಲೇಖನನ ಕಾಸಿಗಾಗಿ ಸುದ್ದಿ ಅಂತ ತೀರ್ಮಾನ ಮಾಡಿದ್ರೆ ಅದನ್ನೂ ಅದೇ ಪುಟದಲ್ಲಿ ಹಾಕಿ. ನೀವೊಬ್ಬರು ಶುರು ಮಾಡಿದ್ರೆ ಉಳಿದೋರನ್ನ ಓದುಗರೇ ಕೇಳ್ತಾರೆ, ನಾನು ಹಾಕೋ 640 ಮನೆಯೋರಂತೂ ಕೇಳ್ತಾರೆ, ಯಾಕಂದ್ರೆ ನಾನೇ ಹೇಳ್ತೀನಿ.

ಅಜ್ಜಿ ಪೇಪರ್ ಬಿಡಿಸಿಲ್ಲ. ಬಿಡಿಸಿಬಿಡ್ತಾರೆ ಅಂದ್ಕೊಂಡಿದ್ದೆ. ಬದಲಿಗೆ ನನಗೊಂದು ಕೆಲ್ಸ ಹೇಳ್ಯಾರೆ, ಯಾವ್ದು ದುಡ್ಡಿಂದು ಅಂತ ನೀನೇ ಗುರ್ತು ಹಾಕಿ ಕೊಡೋ ತಮ್ಮಾ, ನನಗೆ ಕಾಣಲ್ಲ ಅಂತ. ಅವತ್ತಿಂದ ದಿನಾ ಕಟ್ಟೆ ಮೇಲೆ ಬಂಡಲ್ ಬಿಡಿಸಿದ ಮೇಲೆ ಅಜ್ಜಿ ಕಾಪಿ ಒಂದನ್ನ ಪಕ್ಕಕ್ಕಿಟ್ಟು, ಬೀದಿ ದೀಪದ ಬೆಳಕಲ್ಲಿ ಪುಟ ಪುಟ ತಿರುಗಿಸಿ, ಸಣ್ಣ ಅಕ್ಷರ ಹುಡುಕಿ ಕೆಂಪು ಪೆನ್ನಲ್ಲಿ ಸುತ್ತ ಗೆರೆ ಎಳೀತೀನಿ. ಏಳೆಂಟು ನಿಮಿಷ ಹಿಡಿಯುತ್ತೆ. ಒಂದು ಮನೆಗೆ ಆಗುತ್ತೆ ಸಾರ್, 640 ಮನೆಗೆ ನನ್ನ ಕೈಲಿ ಆಗಲ್ಲ. ನಿಮ್ಮ ಪ್ರೆಸ್‌ನಲ್ಲಿ ರಾತ್ರಿ ಪುಟ ಕಟ್ಟೋವಾಗ ಒಂದು ಸಲ ಹಾಕಿದ್ರೆ ಎಲ್ಲಾ ಕಾಪಿಗೂ ಬೀಳುತ್ತೆ.

ಇಂತಿ,
ಒಬ್ಬ ಪೇಪರ್ ಏಜೆಂಟ್,
ದಾವಣಗೆರೆ